ಮೇಲಿನ ಮಹಡಿಯ ಬೆರಳುಗಳು

ಜನರ ಕೈ ಹಿಡಿಯುವುದೇ ಅವಳ ಕೆಲಸ. ಲ್ಯಾಬಿನವರು ಕೊಟ್ಟ ನೀಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಮನೆ ಮನೆಗೆ ಹೋಗಿ, ಇನ್ನೂ ಹೊಟ್ಟೆಗೆ ಏನೂ ಹಾಕದ ಜನರ ರಕ್ತ ತೆಗೆದು ತರುತ್ತಿದ್ದಳು. ಸಕ್ಕರೆ ಕಾಯಿಲೆಯವರಿಗೆ ಬೆರಳ ತುದಿಗೆ ಒಂದು ಚುಚ್ಚು. ಉಳಿದವರಿಗೆ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಸಿರಿಂಜು. ಮಕ್ಕಳು ಅವಳನ್ನು ಕಂಡರೆ ಬಾಗಿಲ ಹಿಂದೆ ಅಡಗುತ್ತಿದ್ದರು. ದೊಡ್ಡವರಿಗೂ ಅಡಗುವ ಆಸೆಯೇ, ಆದರೆ ಮರ್ಯಾದೆ ಬಿಡಬೇಕಲ್ಲ. ಅದಕ್ಕೇ ಬಚ್ಚಲಿಗೆ ಹೋಗುವ ನೆಪ ಹೇಳುತ್ತಿದ್ದರು. ಎಲ್ಲರೂ ಅವಳನ್ನು ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು.

ಅವಳಿಗೆ ಚಿಕ್ಕಂದಿನಿಂದ ಒಂದು ಚಟ. ಏನಾದರೂ ಕಣ್ಣಿಗೆ ಬಿದ್ದರೆ ಅದು ಯಾಕೆ ಹಾಗೆ ಅಂತ ಕೇಳದೆ ಬಿಡುವವಳಲ್ಲ. "ನಿನ್ನ ಬಾಯಿಗೆ ಬೀಗ ಹಾಕಿದರೂ ಕಣ್ಣಲ್ಲಿ ಕೇಳ್ತೀಯ" ಅಂತ ಅವಳ ತಾಯಿ ಬಯ್ಯುತ್ತಿದ್ದಳಂತೆ. ಸೂಜಿ ಚುಚ್ಚುವ ಕೆಲಸಕ್ಕೆ ಆ ಚಟ ಒಳ್ಳೆಯದೇ ಆಯಿತು. ಅವಳ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ಜನಕ್ಕೆ ಸೂಜಿ ಹೋದದ್ದೂ ತಿಳಿಯುತ್ತಿರಲಿಲ್ಲ, ಬಂದದ್ದೂ ತಿಳಿಯುತ್ತಿರಲಿಲ್ಲ.

ನಗರದ ಚುನಾವಣೆ ಮುಗಿದ ಮರುದಿನ ಅವಳ ಮೊದಲ ಮನೆ ರಸ್ತೆಯಾಚೆಯ ಹೊಸ ಅಪಾರ್ಟ್‌ಮೆಂಟಿನಲ್ಲಿತ್ತು. ಅಲ್ಲಿನ ನಿವೃತ್ತ ಇಂಜಿನಿಯರ ಎಡಗೈ ಹಿಡಿದಳು. ತೋರುಬೆರಳ ಉಗುರಿನ ಮೇಲೆ ಶಾಯಿಯ ಗೆರೆ ಹೊಳೆಯುತ್ತಿತ್ತು. ಪಕ್ಕದ ಮನೆಯ ಬ್ಯಾಂಕಿನ ಹೆಂಗಸಿನ ಬೆರಳು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

"ಮೇಡಂ, ವೋಟು ಹಾಕಲಿಲ್ವಾ?"

"ಹಾಕಬೇಕು ಅಂತಿತ್ತು ಕಣಮ್ಮ. ನಮ್ಮದು ಬಾಡಿಗೆ ಮನೆ ತಾನೇ. ಹೆಸರು ಇನ್ನೂ ಹಳೇ ಏರಿಯಾದಲ್ಲೇ ಇದೆ. ಅಷ್ಟು ದೂರ ಯಾರು ಹೋಗ್ತಾರೆ?"

ಸೂಜಿಯಕ್ಕ ತಲೆಯಾಡಿಸಿ ಹತ್ತಿ ಒತ್ತಿದಳು. ಆಮೇಲಿನ ಮನೆಗಳಲ್ಲೂ ಹಾಗೇ ಕಂಡಿತು. ಸ್ವಂತ ಮನೆಯವರ ಬೆರಳಿಗೆ ಶಾಯಿ, ಬಾಡಿಗೆಯವರದು ಬಹುಮಟ್ಟಿಗೆ ಖಾಲಿ. ಇದೇನೋ ತಮಾಷೆಯಾಗಿದೆಯಲ್ಲ ಅಂದುಕೊಂಡು, ಅವತ್ತಿನ ಕೊನೆಯ ಮನೆಗಳಿಗಾಗಿ ತಾನಿದ್ದ ಕಟ್ಟಡಕ್ಕೇ ವಾಪಸು ಬಂದಳು.

ಅದು ವಸತಿ ಮಂಡಳಿ ಎಂದೋ ಕಟ್ಟಿಸಿದ ಆರು ಮಹಡಿಯ ಕಟ್ಟಡ. ಲಿಫ್ಟ್ ಇತ್ತು, ಅಂದರೆ ಲಿಫ್ಟಿನ ಬಾಗಿಲಿತ್ತು. ಅದರ ಮುಂದೆ ಜನ ಹಳೆಯ ಸೈಕಲ್ಲು, ಮುರಿದ ಕುರ್ಚಿ ಒರಗಿಸಿದ್ದರು. ನೀರು ಮೇಲೆ ಹತ್ತಿಸುವ ಪಂಪು ಕೆಟ್ಟು ಕೂತಿದ್ದರಿಂದ ಎರಡನೇ ಮಹಡಿಯವರೆಗೆ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅದರ ಮೇಲಿನವರಿಗೆ ಅಂಗಳದ ನಲ್ಲಿಯೇ ಗತಿ. ಸೂಜಿಯಕ್ಕ, ಅವಳ ಗಂಡ ಇಬ್ಬರೂ ವರ್ಷದ ಹಿಂದೆ ನೆಲಮಹಡಿಯ, ಮೆಟ್ಟಿಲ ಹಿಂಭಾಗದ ಒಂದೇ ಕೋಣೆಗೆ ಬಾಡಿಗೆಗೆ ಬಂದಿದ್ದರು. ಗಂಡನದು ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ. ಅವರ ಕೋಣೆಗೆ ಮಾತ್ರ ಕಿಟಕಿ ಇರಲಿಲ್ಲ.

ನೆಲಮಹಡಿಯಲ್ಲಿ ಶಾಯಿ. ಒಂದನೇ ಮಹಡಿಯಲ್ಲಿ ಶಾಯಿ. ಎರಡನೆಯದರಲ್ಲೂ ಇತ್ತು. ಮೂರನೇ ಮಹಡಿಯಲ್ಲಿ ಒಬ್ಬರಿಗೆ ಇತ್ತು, ಒಬ್ಬರಿಗೆ ಇರಲಿಲ್ಲ. ನಾಲ್ಕರಲ್ಲಿ, ಐದರಲ್ಲಿ ಅವಳು ಹಿಡಿದ ಬೆರಳುಗಳೆಲ್ಲ ಖಾಲಿ. ಸೂಜಿಯಕ್ಕ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಒಂದೇ ಕಟ್ಟಡ, ಒಂದೇ ರಸ್ತೆ, ಒಂದೇ ಮತಗಟ್ಟೆ. ಹತ್ತುತ್ತ ಹೋದ ಹಾಗೆ ಶಾಯಿ ಆರಿಹೋಗುವುದು ಯಾಕೆ?

ಆರನೇ ಮಹಡಿಗೆ ಹೋಗುವಾಗ ಅಲ್ಲಿಯೂ ಏನೂ ಇರುವುದಿಲ್ಲ ಅಂತಲೇ ಅಂದುಕೊಂಡಿದ್ದಳು. ಅಲ್ಲಿ ಬೈಂಡಿಂಗ್ ಅಜ್ಜಿಯ ಮನೆ. ಜೀವಮಾನವಿಡೀ ಪುಸ್ತಕಗಳಿಗೆ ರಟ್ಟು ಹೊಲಿದು ಅಂಟಿಸಿದವಳು ಅಜ್ಜಿ. ಮಂಡಿ ಎರಡೂ ಕೈಕೊಟ್ಟ ಮೇಲೆ ಮನೆಯಿಂದ ಕೆಳಗಿಳಿಯುವುದನ್ನೇ ಬಿಟ್ಟಿದ್ದಳು. ಬೇಕಾದ ಸಾಮಾನನ್ನು ಐದನೇ ಮಹಡಿಯ ಬೇಕರಿಯಣ್ಣ ತಂದುಕೊಡುತ್ತಿದ್ದ. ಅಜ್ಜಿ ಎಡಗೈ ಚಾಚಿದಳು. ಬೆರಳ ಮೇಲೆ ದಪ್ಪನೆಯ ಕಪ್ಪು ಗೆರೆ.

ಸೂಜಿಯಕ್ಕನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

"ಅಜ್ಜೀ, ಇದೇನಿದು? ನೀವು ಹೇಗೆ ಇಳಿದಿರಿ?"

"ಕೂತುಕೊಂಡು."

"ಕೂತುಕೊಂಡು ಅಂದರೆ?"

"ಮಗು ಇಳಿಯೋ ಹಾಗೆ. ಒಂದು ಮೆಟ್ಟಿಲ ಮೇಲೆ ಕೂರೋದು, ಕೆಳಗಿನದಕ್ಕೆ ಜಾರೋದು. ಮತ್ತೆ ಕೂರೋದು, ಮತ್ತೆ ಜಾರೋದು. ಕೆಳಗೆ ಬಂದ ಮೇಲೆ ಗೋಡೆ ಹಿಡಿದುಕೊಂಡು ತಿರುವಿನ ಶಾಲೆವರೆಗೂ ನಡೆದೆ." ಅಜ್ಜಿಯ ಮುಖದಲ್ಲಿ ಕಳ್ಳನಗು. "ಅವರೆಲ್ಲ ಚುನಾವಣೆಗೆ ನಿಂತರು. ನಾನು ಚುನಾವಣೆಗೆ ಕೂತೆ."

ಸೂಜಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುವಿನ ನಡುವೆಯೇ ಬೆರಳಿಗೆ ಚುಚ್ಚಿ ಮುಗಿಸಿದಳು. "ಮತ್ತೆ ಹತ್ತಿದ್ದು?"

"ಹತ್ತೋದೆಲ್ಲಿ ಬಂತು? ಸಂಜೆವರೆಗೂ ಅಂಗಳದಲ್ಲೇ ಕೂತಿದ್ದೆ. ನೀನು ನಿನ್ನೆ ಇಡೀ ದಿನ ಕೆಲಸಕ್ಕೆ ಹೋಗಿದ್ದೆ. ಆಮೇಲೆ ಬೇಕರಿಯಣ್ಣ ಇನ್ನೊಬ್ಬನ್ನ ಕರೆದು ಕುರ್ಚೀಲಿ ಹೊತ್ತು ತಂದ. ದಾರಿಯುದ್ದಕ್ಕೂ ಬಯ್ದ. ಬಯ್ಯಲಿ ಬಿಡು."

"ಅಷ್ಟು ಕಷ್ಟಪಟ್ಟು ಯಾಕಜ್ಜಿ? ಯಾರನ್ನಾದರೂ ಗೆಲ್ಲಿಸಬೇಕಿತ್ತಾ?"

ಅಜ್ಜಿ ಹತ್ತಿಯನ್ನು ಬೆರಳಿಗೆ ಒತ್ತಿಕೊಂಡಳು. "ನಿಜ ಹೇಳಲಾ? ಜನರನ್ನ ನೋಡಬೇಕು ಅನ್ನಿಸ್ತು. ವೋಟಿಗೆ ಹೋಗ್ತೀನಿ ಅಂದರೆ ಯಾರೂ ಬೇಡ ಅನ್ನೋ ಹಾಗಿಲ್ಲ. ಸುಮ್ಮನೆ ಕೆಳಗೆ ಹೋಗಿ ಕೂರ್ತೀನಿ ಅಂದಿದ್ದರೆ ಹುಚ್ಚು ಅಂತಿದ್ದರು." ಆಮೇಲೆ ಅವಳೇ ಸೂಜಿಯಕ್ಕನ ಎಡಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. "ಎಲ್ಲರ ಬೆರಳು ನೋಡ್ತೀಯಲ್ಲ. ನಿಂದೆಲ್ಲಿ?"

ಸೂಜಿಯಕ್ಕನ ಬೆರಳೂ ಖಾಲಿ. ಬ್ಯಾಂಕಿನ ಹೆಂಗಸು ಹೇಳಿದ ಮಾತನ್ನೇ ಅವಳೂ ಹೇಳಬೇಕಾಯಿತು. ಅವಳ ಹೆಸರು ಹಿಂದಿನ ಮನೆಯ ಕಡೆಯೂ ಅಲ್ಲ, ಅದಕ್ಕೂ ಹಿಂದಿನ ಮನೆಯ ಕಡೆ ಉಳಿದಿತ್ತು. "ನಮ್ಮದು ಬೇರೆ ಕತೆ ಅಜ್ಜಿ, ಮನೆ ಬದಲಾಯಿಸಿ ಬದಲಾಯಿಸಿ..." ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ಎಲ್ಲರದೂ ಬೇರೆ ಕತೆನೇ ಮಗಳೇ" ಅಂದಳು ಅಜ್ಜಿ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಇದೆಲ್ಲವನ್ನೂ ಹೇಳಿದಳು. ಅವನಿಗೆ ಉತ್ತರ ಹುಡುಕುವುದಕ್ಕೆ ಒಂದು ತುತ್ತಿನಷ್ಟು ಹೊತ್ತೂ ಬೇಕಾಗಲಿಲ್ಲ.

"ಸೊಕ್ಕು. ಮೇಲೆ ಹೋದ ಹಾಗೆ ಸೊಕ್ಕು ಜಾಸ್ತಿ. ಕೆಳಗಿನವರಿಗೆ ರಸ್ತೆ ಕಾಣುತ್ತೆ, ಚರಂಡಿ ಕಾಣುತ್ತೆ. ಮೇಲಿನವರಿಗೆ ಆಕಾಶ ಕಾಣುತ್ತೆ. ಆಕಾಶಕ್ಕೆ ಯಾರು ವೋಟು ಹಾಕ್ತಾರೆ?"

"ನಾವು ಕೆಳಗೇ ಇದ್ದೀವಲ್ಲ. ನಾವ್ಯಾಕೆ ಹಾಕಲಿಲ್ಲ?"

"ನಮ್ಮದು ಬೇರೆ" ಅಂದ ಅವನು. ಸೂಜಿಯಕ್ಕ ಅವನ ಮುಖವನ್ನೇ ನೋಡಿದಳು. ಅವನು ತಟ್ಟೆ ನೋಡಿದ.

ಅವನ ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ. ಸಂಜೆ ಅಂಗಳದಲ್ಲಿ ನೀರು ಬಂದಾಗ ಹೋಗಿ ನಿಂತಳು. ತನ್ನ ಮನೆಯಲ್ಲಿ ನಲ್ಲಿ ಇದ್ದುದರಿಂದ ಆ ಸಾಲಿನಲ್ಲಿ ಅವಳು ಯಾವತ್ತೂ ನಿಂತವಳಲ್ಲ. ಪ್ಲಾಸ್ಟಿಕ್ ಕೊಡಗಳು ಒಂದರ ಹಿಂದೆ ಒಂದು ಬಾಲ ಹಿಡಿದುಕೊಂಡ ಹಾಗೆ ನಿಂತಿದ್ದವು. ಕೆಂಪು ಕೊಡ, ಹಸಿರು ಕೊಡ, ಕಿವಿ ಮುರಿದದ್ದು, ತಂತಿ ಸುತ್ತಿದ್ದು. ಪ್ರತಿ ಕೊಡಕ್ಕೂ ಒಬ್ಬ ವಾರಸುದಾರ ಹತ್ತಿರದಲ್ಲೇ ಇದ್ದ.

ನಾಲ್ಕನೇ ಮಹಡಿಯ ಅವಳಿಮಕ್ಕಳ ತಾಯಿ ಒಂದು ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಂದನ್ನು ಕಾಲಿಗೆ ಒರಗಿಸಿಕೊಂಡು ನಿಂತಿದ್ದಳು. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ.

"ನಿನ್ನೆ ಹೇಗಿತ್ತಮ್ಮ ನೀರು?" ಸೂಜಿಯಕ್ಕ ಕೇಳಿದಳು.

"ನಿನ್ನೆಯದು ಕೇಳಲೇಬೇಡಿ ಅಕ್ಕ. ಬೆಳಿಗ್ಗೆ ಬರಲಿಲ್ಲ. ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದು ಕಾದು, ಬಂದಾಗ ಹೊತ್ತು ಇಳೀತಾ ಇತ್ತು. ಎಲ್ಲಾ ಹೊತ್ತು ಮುಗಿಸೋ ಹೊತ್ತಿಗೆ ಮತಗಟ್ಟೆ ಬಾಗಿಲು ಹಾಕಿದ್ದರು."

"ಕೊಡ ಸಾಲಲ್ಲಿ ಇಟ್ಟು ಹೋಗಿ ಬರಬಹುದಿತ್ತಲ್ಲ? ಶಾಲೆ ಇಲ್ಲೇ ತಿರುವಿನಲ್ಲಿದೆ."

ಆ ಮಾತಿಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೇಕರಿಯಣ್ಣ ಹಿಂದಿನಿಂದ ಹೇಳಿದ, "ಸೂಜಿಯಕ್ಕ, ಕೊಡಕ್ಕೆ ನಿಲ್ಲೋದು ಗೊತ್ತು. ತುಂಬಿದ ಮೇಲೆ ಪಕ್ಕಕ್ಕೆ ಸರಿಯೋದು ಗೊತ್ತಿಲ್ಲ. ನಾವು ಸರಿಸಬೇಕು. ನಾವಿಲ್ಲ ಅಂದರೆ ಹಿಂದಿನವರು ಸರಿಸ್ತಾರೆ, ಆದರೆ ತುಂಬಿಸದೆ ಸರಿಸ್ತಾರೆ."

"ಅಷ್ಟೂ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ನೀರು ಇಲ್ಲ."

ಅಜ್ಜಿಯ ಕೊಡವೂ ಆ ಸಾಲಿನಲ್ಲಿತ್ತು. ಅದನ್ನು ದಿನಾ ಬೇಕರಿಯಣ್ಣನೇ ಮೇಲೆ ಒಯ್ಯುತ್ತಿದ್ದ. ಅವತ್ತು ಸೂಜಿಯಕ್ಕ ತಾನು ಒಯ್ಯುತ್ತೇನೆಂದು ಹಟ ಹಿಡಿದಳು. ಮೂರನೇ ಮಹಡಿಯವರೆಗೆ ಜಂಬದಿಂದಲೇ ಹತ್ತಿದಳು. ನಾಲ್ಕರಲ್ಲಿ ಸೊಂಟ ಬದಲಾಯಿಸಿದಳು. ಐದಕ್ಕೆ ಹೋಗುವ ಮೊದಲ ತಿರುವಿನಲ್ಲಿ ನೀರು ತುಳುಕಿ ಸೀರೆಯೆಲ್ಲ ಒದ್ದೆಯಾಗಿ, ಗೋಡೆಗೆ ಒರಗಿ ಏದುಸಿರು ಬಿಟ್ಟಳು. ದಿನಾ ಇದೇ ಮೆಟ್ಟಿಲನ್ನು ಅವಳು ಹತ್ತುತ್ತಿದ್ದಳು. ಆದರೆ ಹೆಗಲಲ್ಲಿ ಸೂಜಿ, ಹತ್ತಿ, ನಾಲ್ಕು ಗಾಜಿನ ನಳಿಗೆ ಮಾತ್ರ ಇರುತ್ತಿದ್ದವು. ಒಂದು ಕೊಡಕ್ಕೇ ಹೀಗಾದರೆ ಒಂದು ಮನೆಗೆ ಎಷ್ಟು ಕೊಡ ಬೇಕು? ಅಷ್ಟು ಹೊತ್ತು ಮುಗಿಸಿದವರಿಗೆ ಮತ್ತೆ ಇಳಿದು, ಶಾಲೆಯ ಅಂಗಳದಲ್ಲಿ ಇನ್ನೊಂದು ಸಾಲಿನಲ್ಲಿ ನಿಂತು, ಮತ್ತೆ ಹತ್ತಿ ಬಾ ಅಂದರೆ?

ಅಜ್ಜಿ ಬಾಗಿಲು ತೆಗೆದು ಒದ್ದೆ ಸೀರೆ ನೋಡಿ, "ಅರ್ಧ ನೀರು ಕೊಡದಲ್ಲಿ ತಂದೆ, ಅರ್ಧ ಮೈಮೇಲೆ ತಂದೆ. ಲೆಕ್ಕಕ್ಕೆ ಸರಿಯಾಯ್ತು" ಅಂದಳು.

ಎರಡು ದಿನ ಕಳೆದ ಮೇಲೆ ಮೈಕಿನ ಗಾಡಿಯೊಂದು ರಸ್ತೆಯಲ್ಲಿ ಕೂಗಿಕೊಂಡು ಬಂತು. ತಿರುವಿನ ಶಾಲೆಯ ಮತಗಟ್ಟೆಯಲ್ಲಿ ಮತಯಂತ್ರ ಕೆಟ್ಟಿದ್ದರಿಂದ ಅಲ್ಲಿ ಬಿದ್ದ ಮತಗಳು ಲೆಕ್ಕಕ್ಕಿಲ್ಲ, ಬರುವ ಭಾನುವಾರ ಮರುಮತದಾನ ಎಂದು ಘೋಷಣೆ. ಕೆಳಗಿನ ಮಹಡಿಯವರು "ಇನ್ನೊಂದು ಸಲ ಹೋಗಬೇಕಾ" ಎಂದು ಗೊಣಗಿದರು. ಮೇಲಿನ ಮಹಡಿಗಳ ಕಿಟಕಿಗಳಿಂದ ಒಂದೆರಡು ತಲೆ ಹೊರಬಂದು ಮತ್ತೆ ಒಳಗೆ ಹೋದವು.

ಸೂಜಿಯಕ್ಕ ಮಾತ್ರ ಬಾಗಿಲಿಗೆ ಬಂದು ಘೋಷಣೆಯನ್ನು ಕೊನೆಯವರೆಗೂ ಕೇಳಿಸಿಕೊಂಡಳು. ಉತ್ತರ ಸಿಕ್ಕಿದೆ ಅಂತ ಅವಳಿಗೆ ಅನ್ನಿಸಿತ್ತು. ಆದರೆ ಅದೇ ಉತ್ತರ ಹೌದೋ ಅಲ್ಲವೋ ಅಂತ ನೋಡುವುದು ಹೇಗೆ? ಸಂಜೆ ನೀರಿನ ಸಾಲಿಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಭಾನುವಾರ ನಿಮ್ಮ ಕೊಡ ನಾನು ತುಂಬಿಸ್ತೀನಿ. ಸರದಿ ತಪ್ಪಿಸೋದಿಲ್ಲ. ಅಷ್ಟರಲ್ಲಿ ನೀವು ಶಾಲೆಗೆ ಹೋಗಿಬನ್ನಿ."

ಎಲ್ಲರೂ ಅವಳನ್ನು ಅನುಮಾನದಿಂದ ನೋಡಿದರು. ಮೂರನೇ ಮಹಡಿಯ ಹೆಂಗಸೊಬ್ಬಳು ನೇರವಾಗಿಯೇ ಕೇಳಿದಳು, "ಯಾವ ಪಕ್ಷದವರು ಹೇಳಿ ಕಳಿಸಿದರು?"

"ಯಾವ ಪಕ್ಷನೂ ಇಲ್ಲಮ್ಮ. ನನಗೆ ಈ ಬೂತಲ್ಲಿ ವೋಟೇ ಇಲ್ಲ."

"ಮತ್ತೆ ನಿಮಗೇನು ಲಾಭ?"

"ನೋಡಬೇಕು ಅನ್ನೋ ಆಸೆ, ಅಷ್ಟೆ" ಅಂದಳು ಸೂಜಿಯಕ್ಕ.

ಬೇಕರಿಯಣ್ಣ ಕೈ ಮೇಲೆತ್ತಿದ. "ನನಗೆ ಒಪ್ಪಿಗೆ. ಯೋಚನೆ ಮಾಡಿ. ಅಕ್ಕನಿಗೆ ಈ ನೀರೂ ಬೇಡ, ಆ ವೋಟೂ ಇಲ್ಲ. ಇಷ್ಟು ತಟಸ್ಥ ಮನುಷ್ಯರು ಈ ಊರಲ್ಲಿ ಇನ್ನೊಬ್ಬರು ಸಿಗ್ತಾರಾ?"

ಜನ ನಕ್ಕರು. ನಕ್ಕ ಮೇಲೆ ಒಪ್ಪಿದರು.

ಭಾನುವಾರ ಬೆಳಿಗ್ಗೆ ಸೂಜಿಯಕ್ಕ ರಕ್ತದ ಕೆಲಸಕ್ಕೆ ರಜೆ ಹಾಕಿದಳು. ಅವಳ ಗಂಡನಿಗೆ ಭಾನುವಾರ ಹೇಗೂ ರಜೆ. ಹಾಸಿಗೆ ಬಿಟ್ಟೇಳುವ ಮನಸ್ಸಿರಲಿಲ್ಲ. "ನೀರು ತುಂಬಿಸಿದರೆ ಸಾಲದು, ಮೇಲೆ ಹೋಗಬೇಕಲ್ಲ. ಗಾಜಿನ ಹಲಗೆ ಹೊತ್ತು ಅಭ್ಯಾಸ ಇರೋರು ನೀವೇ" ಎಂದು ಅವಳು ಅವನ ಹೊದಿಕೆ ಎಳೆದಳು. "ಸೊಕ್ಕಿನ ಜನಕ್ಕೆ ನಾನ್ಯಾಕೆ ಹೊರಲಿ?" ಅಂದುಕೊಂಡೇ ಅವನು ಎದ್ದ.

ನೀರು ಬಂತು. ನಲ್ಲಿಯ ಬಾಯಿಗೆ ಸೂಜಿಯಕ್ಕ ಕೂತಳು. ಸಾಲಿನ ಹತ್ತಿರ ಮೊದಲು ಯಾರೂ ಕದಲಲಿಲ್ಲ. ತಮ್ಮ ಕೊಡ ನಿಜವಾಗಿಯೂ ತುಂಬುತ್ತದೆಯೇ ಅಂತ ನೋಡುತ್ತ ನಿಂತರು. ಒಂದು ತುಂಬಿತು, ಪಕ್ಕಕ್ಕೆ ಬಂತು. ಇನ್ನೊಂದು ತುಂಬಿತು. ಆಗ ಬೇಕರಿಯಣ್ಣ, ರಾತ್ರಿಪಾಳಿ ಮುಗಿಸಿ ಬಂದವನು, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡವನು, ಆಕಳಿಸುತ್ತ ಶಾಲೆಯ ಕಡೆ ಹೊರಟ. "ನನಗೆ ಈಗ ನಡುರಾತ್ರಿ. ನಿದ್ದೆಗಣ್ಣಲ್ಲಿ ಯಾವ ಗುಂಡಿ ಒತ್ತುತ್ತೀನೋ ದೇವರಿಗೇ ಗೊತ್ತು" ಅಂದ. ಅವನ ಹಿಂದೆ ಮೂರನೇ ಮಹಡಿಯ ಹೆಂಗಸು ಹೋದಳು. ಅವಳ ಹಿಂದೆ ಐದನೇ ಮಹಡಿಯ ಅತ್ತೆ, ಸೊಸೆ ಹೋದರು. ದಿನಾ ಜಗಳವಾಡುವ ಅವರಿಬ್ಬರು ಅವತ್ತು ಒಂದೇ ಕೊಡೆಯ ಕೆಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ಬರೀ ಕೊಡಗಳು ನಿಂತಿದ್ದವು, ಮನುಷ್ಯರಿರಲಿಲ್ಲ.

ಬೈಂಡಿಂಗ್ ಅಜ್ಜಿ ಕೂಡ ಮತ್ತೆ ಕೂತುಕೊಂಡು ಇಳಿಯಲು ಸಿದ್ಧಳಾಗಿದ್ದಳಂತೆ. ಆದರೆ ಸೂಜಿಯಕ್ಕನ ಗಂಡ ಮೊದಲ ಕೊಡ ಹೊತ್ತು ಆರನೇ ಮಹಡಿಗೆ ಹೋದವನು ಅವಳನ್ನು ಮೆಟ್ಟಿಲ ಮೇಲೆ ನೋಡಿ ಗಾಬರಿಯಾಗಿ, ಕೊಡ ಇಟ್ಟು, ಅಜ್ಜಿಯನ್ನೇ ಬೆನ್ನಿಗೆ ಹಾಕಿಕೊಂಡು ಇಳಿದುಬಂದ. "ಗಾಜಿಗಿಂತ ಹಗುರ ಇದ್ದೀರಿ" ಅಂದನಂತೆ. "ಗಾಜಿನ ಹಾಗೇ ಹುಷಾರಾಗಿ ಇಳಿಸು ಮಗನೇ" ಅಂದಳಂತೆ ಅಜ್ಜಿ.

ಆಮೇಲೆ ಅವನು ಮಾತಾಡುವುದೇ ನಿಂತುಹೋಯಿತು. ಕೊಡ ಹೊತ್ತು ಹೋಗುವನು, ಬರುವನು, ಮತ್ತೆ ಹೋಗುವನು. ಬೆಳಗಿನ ನಡುವೆ ಒಮ್ಮೆ ಬಂದು ಸೂಜಿಯಕ್ಕನ ಪಕ್ಕ ಕುಸಿದು ಕೂತ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಏನು? ಸೊಕ್ಕು ಕಂಡಿತಾ ಮೇಲೆ?" ಅವಳು ಕೇಳಿದಳು.

ಅವನು ಉಸಿರು ಸಿಕ್ಕುವವರೆಗೆ ಕಾದು ಹೇಳಿದ, "ಇಲ್ಲ ಕಣೇ. ಇವರು ದಿನಾ ಅಡುಗೆ ಮಾಡಿ ಉಣ್ಣೋದೇ ಆಶ್ಚರ್ಯ."

ನಾಲ್ಕನೇ ಮಹಡಿಯ ತಾಯಿಗಾಗಿ ಸೂಜಿಯಕ್ಕ ವಿಶೇಷವಾಗಿ ವ್ಯವಸ್ಥೆ ಮಾಡಿದ್ದಳು. ಅವಳ ಕೊಡಗಳನ್ನೆಲ್ಲ ಸರದಿ ಬಂದ ಕೂಡಲೇ ತುಂಬಿಸಿ ಗಂಡನ ಕೈಯಲ್ಲಿ ಮೇಲೆ ಕಳಿಸಿದ್ದಳು. ಎದುರುಮನೆಯ ಹೆಂಗಸನ್ನು ಅವಳಿ ಮಕ್ಕಳ ಹತ್ತಿರ ಕೂರುವಂತೆ ಒಪ್ಪಿಸಿದ್ದಳು. ಈ ಸಲ ಅವಳಿಗೆ ಯಾವ ಅಡ್ಡಿಯೂ ಇಲ್ಲ ಅಂತ ಖಾತ್ರಿಯಾಗಿತ್ತು. ಆದರೆ ಹೋಗಿಬಂದವರ ಗುಂಪಿನಲ್ಲಿ ಅವಳು ಕಾಣಲಿಲ್ಲ. ಮಧ್ಯಾಹ್ನವಾಯಿತು. ನೀರು ನಿಂತಿತು. ಮತಗಟ್ಟೆ ಮುಚ್ಚುವ ಹೊತ್ತು ಹತ್ತಿರವಾದಾಗ ಸೂಜಿಯಕ್ಕ ತಾನೇ ಮೆಟ್ಟಿಲು ಹತ್ತಿ ಹೋದಳು.

ಬಾಗಿಲು ತೆರೆದೇ ಇತ್ತು. ಎದುರುಮನೆಯ ಹೆಂಗಸು ಮಕ್ಕಳಿಬ್ಬರನ್ನೂ ಆಡಿಸುತ್ತ ಕೂತಿದ್ದಳು. ಒಳಗೆ ಚಾಪೆಯ ಮೇಲೆ ಅವಳಿಮಕ್ಕಳ ತಾಯಿ ಮಲಗಿದ್ದಳು. ಹೊರಗೆ ಹೋಗಲು ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ಬಾಚಿಕೊಂಡಿದ್ದಳು, ಒಂದು ಕಾಲಿನಲ್ಲಿ ಚಪ್ಪಲಿಯೂ ಇತ್ತು. ಇನ್ನೊಂದು ಚಪ್ಪಲಿ ಹಾಕಿಕೊಳ್ಳಲು ಕೂತವಳು ಹಾಗೇ ಒರಗಿ ನಿದ್ದೆಹೋಗಿದ್ದಳು.

"ಎಬ್ಬಿಸಲಾ?" ಎದುರುಮನೆಯವಳು ಪಿಸುಗುಟ್ಟಿದಳು. "ಆಗಲೇ ಎರಡು ಸಲ ಕರೆದೆ. ಹೂಂ ಅಂದು ಮತ್ತೆ ಮಲಗಿದಳು."

ಸೂಜಿಯಕ್ಕನಿಗೆ ಮೊದಲು ಸಿಟ್ಟು ಬಂತು. ಬೆಳಗಿನಿಂದ ನೀರಿನಲ್ಲಿ ಕೂತು ಅವಳ ಕೈಬೆರಳು ಸುಕ್ಕುಗಟ್ಟಿದ್ದವು. ಇಷ್ಟೆಲ್ಲ ಮಾಡಿದ್ದು ಇವಳು ಮಲಗಲಿ ಅಂತಲಾ? ಒಂದು ಹೆಜ್ಜೆ ಮುಂದಿಟ್ಟಳು. ನಿದ್ದೆಹೋದ ಮುಖ ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಕೈ ಮಾತ್ರ, ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ, ಚಾಪೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ನಿದ್ದೆಯಲ್ಲೂ ಮಗುವನ್ನು ತಟ್ಟುತ್ತಿದ್ದಳು.

ಇವಳು ಕೊನೆಯ ಸಲ ಹಗಲಲ್ಲಿ ಮಲಗಿದ್ದು ಯಾವಾಗಲೋ. ಕೊಡ ಇಲ್ಲದ, ಮಗು ಇಲ್ಲದ ಒಂದು ಗಂಟೆ ಕೈಗೆ ಸಿಕ್ಕಿದಾಗ ಮೈ ಏನು ಕೇಳಿತೋ ಅದನ್ನು ಕೊಟ್ಟಿದ್ದಾಳೆ.

"ಬೇಡ, ಮಲಗಲಿ" ಅಂದಳು ಸೂಜಿಯಕ್ಕ. ಹೊರಗೆ ಬಂದು ಬಾಗಿಲು ಮುಂದೆ ಎಳೆದಳು.

ಸಂಜೆ ಎದ್ದ ತಾಯಿ ಕೆಳಗೆ ಬಂದು ಅತ್ತಳು. "ನಿಮ್ಮ ಮುಖ ಹೇಗೆ ನೋಡಲಿ ಅಕ್ಕ" ಅಂದಳು. "ಅಯ್ಯೋ, ನಾನು ವೋಟಿಗೆ ನಿಂತವಳೇನಮ್ಮ? ಚೆನ್ನಾಗಿ ನಿದ್ದೆ ಬಂತಾ?" ಅಂತ ಸೂಜಿಯಕ್ಕ ಕೇಳಿದಳು. "ಬಂತು" ಅಂದಳು ಅವಳು, ಕಣ್ಣೊರೆಸಿಕೊಂಡು, ಸ್ವಲ್ಪ ನಾಚಿಕೆಯಿಂದ. "ಮದುವೆಯಾದ ಮೇಲೆ ಇಷ್ಟು ಮಲಗಿದ್ದೇ ಇಲ್ಲ."

ಮರುದಿನ ಸೂಜಿಯಕ್ಕ ಆ ಕಟ್ಟಡದಲ್ಲಿ ಹಿಡಿದ ಕೈಗಳಲ್ಲಿ, ಈ ಸಲ ನಡುಬೆರಳಿಗೆ ಹಾಕಿದ ಶಾಯಿ, ನಾಲ್ಕರಲ್ಲೂ ಇತ್ತು, ಐದರಲ್ಲೂ ಇತ್ತು. ಎಲ್ಲರಿಗೂ ಇರಲಿಲ್ಲ. ಐದನೇ ಮಹಡಿಯ ಪೇಂಟರೊಬ್ಬ ಎರಡು ಸಲವೂ ಮನೆಯಲ್ಲೇ ಇದ್ದ. "ನನ್ನ ಕೊಡನೂ ನೀವು ತುಂಬಿಸಿದಿರಿ, ತಂದೂ ಇಟ್ಟಿರಿ. ಉಪಕಾರ ಆಯ್ತು. ಆದರೆ ಯಾರು ಗೆದ್ದರೂ ನಾಳೆಯಿಂದ ನಾನೇ ಹೊರಬೇಕಲ್ಲ ಅಕ್ಕ" ಅಂದ. ಸೂಜಿಯಕ್ಕ ಅವನ ಜೊತೆ ವಾದ ಮಾಡಲಿಲ್ಲ. ಗೆದ್ದವರು ಯಾರಾದರೂ ಇಲ್ಲಿಯವರೆಗೆ ಬಂದದ್ದುಂಟಾ ಎಂದಷ್ಟೇ ಕೇಳಿದಳು. ಮೂರನೇ ಮಹಡಿ ದಾಟಿ ಬಂದದ್ದಿಲ್ಲ ಅಂದ.

ಬೇಕರಿಯಣ್ಣನ ಮೆಚ್ಚಿನ ಅಭ್ಯರ್ಥಿ ಸೋತ. ಮೇಲಿನ ಮಹಡಿಯವರಲ್ಲಿ ಹೆಚ್ಚಿನವರು ಅವನಿಗೇ ಹಾಕಿದ್ದರಂತೆ. "ಹಿಟ್ಟಿನ ಕೈ ತಾಗಿ ಗುಂಡಿ ಕೆಟ್ಟಿರಬೇಕು" ಎಂದು ಬೇಕರಿಯಣ್ಣ ತನ್ನನ್ನೇ ಬಯ್ದುಕೊಂಡ. ಆದರೆ ಗೆದ್ದವರ ಕಡೆಯವರಿಗೆ ಈ ಮತಗಟ್ಟೆಯಲ್ಲಿ ಇದ್ದಕ್ಕಿದ್ದ ಹಾಗೆ ಮತದಾನ ಏರಿದ್ದು ಎಲ್ಲಿಂದಲೋ ಕಿವಿಗೆ ಬಿದ್ದಿತ್ತು. ಒಂದು ದಿನ ಗೆದ್ದ ಹೆಂಗಸೇ ನಾಲ್ಕು ಜನರನ್ನು ಕರೆದುಕೊಂಡು ಬಂದಳು. ಲಿಫ್ಟಿನ ಮುಂದೆ ಕುರ್ಚಿಗಳನ್ನು ನೋಡಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಟ್ಟಿಲು ಹತ್ತಿದಳು. ಅವಳ ಜೊತೆ ಬಂದವರು ಒಬ್ಬೊಬ್ಬರಾಗಿ ಒಂದೊಂದು ಮಹಡಿಯಲ್ಲಿ "ನೀವು ಹೋಗಿರಿ, ಬಂದೆ" ಎಂದು ಉದುರಿಕೊಂಡರು. ಅಜ್ಜಿಯ ಬಾಗಿಲು ತಟ್ಟುವಾಗ ಅವಳೊಬ್ಬಳೇ ಇದ್ದಳು. ನಮಸ್ಕಾರ ಅನ್ನುವುದಕ್ಕೂ ಉಸಿರಿರಲಿಲ್ಲ.

ಅಜ್ಜಿ ಲೋಟದಲ್ಲಿ ನೀರು ಕೊಟ್ಟಳು. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು ಗೆದ್ದವಳು.

"ಕೊಡ್ತೀನಿ" ಅಂದಳು ಅಜ್ಜಿ. "ನಾನು ನಿನಗೆ ಹಾಕಿಲ್ಲ ಕಣಮ್ಮ, ಮೊದಲೇ ಹೇಳಿಬಿಡ್ತೀನಿ. ಆದರೂ ನೀನು ಇಷ್ಟು ದೂರ ಹತ್ತಿ ಬಂದೆಯಲ್ಲ, ಕೂತುಕೋ. ಪಂಪಿನ ವಿಷಯ ಮಾತಾಡೋಣ."

ಪಂಪು ಎರಡು ತಿಂಗಳಲ್ಲಿ ರಿಪೇರಿಯಾಯಿತು. ಲಿಫ್ಟ್ ಆಗಲಿಲ್ಲ. ರಿಪೇರಿಯಾದ ಪಂಪು ಸಹ ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಆದರೂ ಉಳಿದ ದಿನಗಳಲ್ಲಿ ಐದನೇ ಮಹಡಿಯ ನಲ್ಲಿಯಲ್ಲಿ ಸಣ್ಣಗೆ ನೀರು ಬರತೊಡಗಿತು. ಪೇಂಟರು ತನ್ನ ಮನೆಯ ನಲ್ಲಿ ಮೊದಲ ಸಲ ಕೆಮ್ಮಿದಾಗ ಏನೋ ಒಡೆದುಹೋಯಿತು ಅಂತ ಹೆದರಿ ಹೊರಗೆ ಓಡಿಬಂದನಂತೆ.

ಸೂಜಿಯಕ್ಕನಿಗೆ ಮಾತ್ರ ಒಂದು ಕೆಲಸ ಬಾಕಿ ಇತ್ತು. ತನ್ನ ಹೆಸರನ್ನು ಈ ವಿಳಾಸಕ್ಕೆ ತರಬೇಕೆಂದು ಕಚೇರಿಗೆ ಹೋದಳು. ಮನೆ ಯಜಮಾನನ ಒಪ್ಪಿಗೆ ಬೇಕು ಅಂದರು. ಮನೆ ಯಜಮಾನ ಮೋಟಾರು ಬಿಡಿಭಾಗಗಳ ಅಂಗಡಿಯವನು, ಪಕ್ಕದ ಬೀದಿಯಲ್ಲಿದ್ದ. ಸಕ್ಕರೆ ಕಾಯಿಲೆ ಬೇರೆ, ತಿಂಗಳಿಗೊಮ್ಮೆ ಅವಳ ಕೈಗೇ ಬೆರಳು ಕೊಡುತ್ತಿದ್ದ. ಸೂಜಿ ಕೈಯಲ್ಲಿರುವಾಗ ಯಾರ ಹತ್ತಿರವೂ ಏನನ್ನೂ ಕೇಳಬಾರದು ಅನ್ನುವುದು ಅವಳ ನಿಯಮ. ಚುಚ್ಚಿ ಮುಗಿಸಿ, ಸೂಜಿ ಡಬ್ಬಿಗೆ ಹಾಕಿ, ಹತ್ತಿ ಅವನ ಕೈಗೆ ಕೊಟ್ಟ ಮೇಲೆ ವಿಷಯ ತೆಗೆದಳು.

ಅವನ ಮುಖ ಗಂಟಾಯಿತು. "ಅದೆಲ್ಲ ಬೇಡಮ್ಮ. ಇವತ್ತು ಹೆಸರು ಸೇರಿಸ್ತೀರಿ, ನಾಳೆ ಮನೆಯೇ ನಮ್ಮದು ಅಂತೀರಿ."

"ಅಣ್ಣ, ಆ ಕೋಣೆಗೆ ಕಿಟಕಿ ಇಲ್ಲ. ಮೆಟ್ಟಿಲ ಮೇಲೆ ಯಾರು ಹತ್ತಿದರೂ ನಮ್ಮ ತಲೆ ಮೇಲೆ ಹತ್ತಿದ ಹಾಗೆ. ಅದನ್ನ ನಮ್ಮದು ಅನ್ನೋಕೆ ನಮಗೇನು ತಲೆ ಕೆಟ್ಟಿದೆಯಾ?"

ಅವನು ಅವಳನ್ನೇ ನೋಡಿದ. ಸಿಟ್ಟು ಬರಬೇಕಿತ್ತು, ನಗು ಬಂತು. "ಬಾಯಿ ಜೋರು ನಿಂದು. ಸರಿ, ಎಲ್ಲಿ ಸಹಿ ಹಾಕಬೇಕು ತೋರಿಸು." ಸಹಿ ಹಾಕುತ್ತ ತಲೆಯೆತ್ತದೆ ಕೇಳಿದ, "ಒಂದು ಮಾತು. ನಾನು ಪ್ರತಿ ಸಲ ಹಾಕ್ತೀನಿ. ಯಾಕೆ ಹಾಕ್ತೀನಿ ಅಂತ ನನಗೇ ಗೊತ್ತಿಲ್ಲ, ಅಪ್ಪ ಹಾಕ್ತಿದ್ದ, ನಾನೂ ಹಾಕ್ತೀನಿ. ನೀನು ಇಷ್ಟು ಒದ್ದಾಡ್ತೀಯಲ್ಲ, ಏನಾದರೂ ಬದಲಾಗುತ್ತೆ ಅಂತೀಯಾ?"

"ಗೊತ್ತಿಲ್ಲ ಅಣ್ಣ" ಅಂದಳು ಸೂಜಿಯಕ್ಕ. "ಪಂಪು ಬಂತು, ಲಿಫ್ಟ್ ಬರಲಿಲ್ಲ. ಹೆಸರು ಇಲ್ಲಿದ್ದರೆ ಮುಂದಿನ ಸಲ ನಾನೇ ಹೋಗಿ ನೋಡಬಹುದಲ್ಲ ಅಂತ."

ಅವನು ಕಾಗದವನ್ನು ಅವಳ ಕೈಗಿಟ್ಟು, ಒಳಗೆ ತಿರುಗಿ ಚಹಾ ತರಲು ಕೂಗಿದ. ಅವಳು ಬೇಡ ಅಂದಳು. ಮುಂದಿನ ಮನೆಯಲ್ಲಿ ಒಬ್ಬರು ಹಸಿದುಕೊಂಡು ಕೂತಿದ್ದರು.